ಒಂದು ಗುಟುಕು ಹಾಲು

ಗುರುವಾರ ಸಂಜೆ ಶಿವಮೊಗ್ಗದ ಗಾಂಧಿ ಬಜಾರಿಗೆ ಲೋಬಾನ ಹಾಕುವ ಫಕೀರ ಬರುತ್ತಾನೆ. ಹಿಡಿಯಿರುವ ಮಡಕೆಯಲ್ಲಿ ಕೆಂಡ, ಕೆಂಡದ ಮೇಲೆ ಲೋಬಾನದ ಪುಡಿ. ನವಿಲುಗರಿಯಿಂದ ಹೊಗೆಯನ್ನು ಒಂದೊಂದು ಅಂಗಡಿಯೊಳಗೂ ಬೀಸಿ, ಕೊಟ್ಟದ್ದನ್ನು ಜೋಳಿಗೆಗೆ ಹಾಕಿಕೊಂಡು ಮುಂದಕ್ಕೆ ಹೋಗುತ್ತಾನೆ. ಬಟ್ಟೆ ಅಂಗಡಿಯ ಶೆಟ್ಟರೂ ಎದ್ದು ನಿಂತು ಹೊಗೆ ತೆಗೆದುಕೊಳ್ಳುತ್ತಾರೆ. ಉತ್ತರ ಪತ್ರಿಕೆ ತಿದ್ದುವ ಕೆಲಸಕ್ಕೆಂದು ಕಳೆದ ತಿಂಗಳು ಆ ಊರಿಗೆ ಹೋಗಿದ್ದೆ. ಹೊಗೆ ಮುಖಕ್ಕೆ ಬಡಿದಾಗ ನಾನು ಸತ್ತಾರ್ ಭಾಯಿಯ ಅಂಗಡಿಯ ಎದುರಿಗಿದ್ದೆ. ಖರ್ಜೂರ, ಅತ್ತರು, ಸುರುಮ, ಜಪಮಣಿ ಮಾರುವ ಅಂಗಡಿ. ಅದರ ಹಿಂದೆಯೇ ಮನೆ. ಆ ಮನೆಯಲ್ಲಿ ನನ್ನ ಅಕ್ಕ ಇದ್ದಾಳೆ. ಒಳಗೆ ಹೋಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ನಮ್ಮಲ್ಲಿ ಹೆರಿಗೆಯ ಕೋಣೆಗೂ ಲೋಬಾನ ಹಾಕುತ್ತಾರೆ, ಹೆಣ ಇಟ್ಟ ಕೋಣೆಗೂ ಹಾಕುತ್ತಾರೆ. ನನಗೆ ಮಾತ್ರ ಅದು ಐವತ್ತೆಂಟರ ರಂಜಾನಿನ ವಾಸನೆ.

ಆಗ ನಾವು ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದೆವು. ಅಬ್ಬಾ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತರು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದು ಹುಡುಗಿಯರ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಅಕ್ಕ ಮೆಹರುನ್ನಿಸಾ, ನನ್ನ ಬಾಯಲ್ಲಿ ಆಪಾ, ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಮಿಷನ್ನಿಗೆ ಕೂತವಳು. ಇಪ್ಪತ್ತನಾಲ್ಕು ದಾಟುತ್ತಿತ್ತು. ರಂಜಾನ್ ಕಳೆದ ಮೇಲೆ ಅವಳ ಮದುವೆಯೆಂದು ಗೊತ್ತಾಗಿತ್ತು. ಹುಡುಗ ಅನ್ವರ್, ಫೌಂಡ್ರಿಯಲ್ಲಿ ಅಚ್ಚು ಕಟ್ಟುವ ಕೆಲಸ, ಅಣ್ಣ ಅತ್ತಿಗೆಯ ಜೊತೆ ಜನ್ನಾಪುರದಲ್ಲಿ ವಾಸ. ಅವರಿಬ್ಬರೂ ಒಮ್ಮೆಯಾದರೂ ಮಾತಾಡಿದ್ದನ್ನು ನಾನು ಕಂಡಿಲ್ಲ. ಆದರೆ ಪಾಳಿ ಬಿಡುವ ಸೈರನ್ ಕೂಗಿದರೆ ಆಪಾಳ ಮಿಷನ್ ನಿಲ್ಲುತ್ತಿತ್ತು. ಒಂದು ಸೈಕಲ್ಲು ನಮ್ಮ ಬೀದಿಯಲ್ಲಿ ಹಾದು ಹೋದ ಮೇಲೆ ಮತ್ತೆ ಓಡುತ್ತಿತ್ತು. ಜನ್ನಾಪುರಕ್ಕೆ ಹೋಗಲು ನಮ್ಮ ಬೀದಿ ಹತ್ತಿರದ ದಾರಿಯಲ್ಲ.

ಆ ವರ್ಷ ಯುಗಾದಿಯೂ ರಂಜಾನೂ ಒಂದೇ ಚಂದ್ರನಿಗೆ ಕಾದವು. ಪಕ್ಕದ ಮನೆಯ ಗೌರಮ್ಮ ಯುಗಾದಿಯ ಚಂದ್ರ ನೋಡಲು ತಮ್ಮ ಜಗುಲಿಯ ಮೇಲೆ, ನಾವು ಉಪವಾಸದ ತಿಂಗಳ ಚಂದ್ರ ನೋಡಲು ನಮ್ಮ ಜಗುಲಿಯ ಮೇಲೆ, ಕತ್ತು ಚಾಚಿ ನಿಂತಿದ್ದೆವು. ಮೊದಲು ಕಂಡದ್ದು ಆಪಾಳಿಗೆ.

"ಅಗಾ, ತೆಂಗಿನ ಮರದ ಎಡಕ್ಕೆ."

"ಕಂಡ್ತು ಕಂಡ್ತು" ಎಂದರು ಗೌರಮ್ಮ, ಕೈ ಮುಗಿಯುತ್ತ. "ಒಂದೇ ಚಂದ್ರ ನೋಡಿ ನಾವು ಹೋಳಿಗೆ ತಿಂತೀವಿ, ನೀವು ಉಪವಾಸ ಕೂರ್ತೀರಿ. ನಿಮ್ಮ ದೇವ್ರು ಬಾಳ ಸ್ಟ್ರಿಕ್ಟು ಮಾರಾಯ್ತಿ."

"ತಿಂಗಳು ಬಿಟ್ಟು ನಾವೂ ತಿಂತೀವಲ್ಲ ಗೌರಮ್ಮ."

"ನೀನು ತಿನ್ನು ಬಿಡು. ಮದುವಣಗಿತ್ತಿ. ಜನ್ನಾಪುರದ ಸೈಕಲ್ಲಿಗೆ ನಮ್ಮ ಬೀದಿ ಹಾದಿ ಮರ್ತು ಹೋಗತ್ತೆ ಇನ್ನು."

ಆಪಾ ನಕ್ಕು ಸೆರಗು ಎಳೆದುಕೊಂಡಳು. ಆಮೇಲೆ ಆ ಜಗುಲಿಯ ಮೇಲೆ ಅವಳು ನಕ್ಕ ನೆನಪು ನನಗಿಲ್ಲ.

ಖೈರುನ್ ಫುಪ್ಪುವಿನ ವಿಷಯ ಹೇಳಬೇಕು. ಫುಪ್ಪು ಎಂದರೆ ಸೋದರತ್ತೆ, ಅಬ್ಬಾನ ಅಕ್ಕ. ಅಬ್ಬಾ ಹಾಲು ಬಿಡುವ ಮೊದಲೇ ಅಜ್ಜಿ ತೀರಿಕೊಂಡಿದ್ದರಂತೆ. ಆಗಿನ್ನೂ ಹುಡುಗಿಯಾಗಿದ್ದ ಫುಪ್ಪು ತಮ್ಮನನ್ನು ಸೊಂಟದ ಮೇಲೆ ಹೊತ್ತು, ಗಂಜಿ ತಿನ್ನಿಸಿ ಬೆಳೆಸಿದರು. ಅಬ್ಬಾ ಅವರೆದುರು ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ಫುಪ್ಪುವಿಗೆ ಶಿವಮೊಗ್ಗದಲ್ಲಿ ಮನೆ, ಒಬ್ಬನೇ ಮಗ ಸತ್ತಾರ್. ಸತ್ತಾರ್ ಭಾಯಿಯ ಹೆಂಡತಿ ಎರಡನೆಯ ಹೆರಿಗೆಯಲ್ಲಿ ಹೋದಳು. ಒಂದು ಹೆಣ್ಣು ಮಗು, ಒಂದು ಎಳೆಗೂಸು ಉಳಿದವು. ಆಕೆ ಸತ್ತ ನಲವತ್ತು ದಿನ ಮುಗಿಯುತ್ತಲೇ ಫುಪ್ಪು ನಮ್ಮ ಮನೆಗೆ ಬಂದು ಮಗನಿಗೆ ಆಪಾಳನ್ನು ಕೇಳಿದರು. ಅಬ್ಬಾ ನೆಲ ನೋಡುತ್ತ ಕೂತರು. ಉತ್ತರ ಕೊಟ್ಟದ್ದು ಅಮ್ಮೀ.

"ನನ್ನ ಮಗಳು ಆಯಾ ಅಲ್ಲ ಅಕ್ಕಾ."

ಫುಪ್ಪು ಎಲೆ ಅಡಿಕೆ ಮಡಿಸಿ ಬಾಯಿಗೆ ಹಾಕಿಕೊಂಡು, "ಸರಿ" ಎಂದು ಎದ್ದು ಹೋದರು. ಆ ಮಾತು ಅಲ್ಲಿಗೆ ಮುಗಿಯಿತೆಂದು ನಾವು ತಿಳಿದಿದ್ದೆವು. ಆಪಾಳಿಗೆ ಅನ್ವರ್ ನಿಶ್ಚಯವಾದಾಗ ಫುಪ್ಪು ನಿಶ್ಚಿತಾರ್ಥಕ್ಕೂ ಬಂದಿದ್ದರು, ಆಪಾಳ ನೆತ್ತಿ ಸವರಿ ಸಕ್ಕರೆ ತಿನ್ನಿಸಿದ್ದರು.

ಅನ್ವರನ ಮನೆಯವರು ಮೊದಲು ಶಿವಮೊಗ್ಗದಲ್ಲಿ ಫುಪ್ಪುವಿನ ಮನೆಗೆ ಗೋಡೆ ಹಂಚಿಕೊಂಡಿದ್ದವರು. ಅವನನ್ನು ಹೆತ್ತು ಅವನ ತಾಯಿ ಸತ್ತಾಗ, ಕಂಕುಳಲ್ಲಿ ತಮ್ಮ ಕೂಸಿದ್ದ ಫುಪ್ಪುವೇ ಅವನಿಗೂ ಮೊಲೆಯೂಡಿಸಿದರು. ಇದು ಎಲ್ಲರಿಗೂ ತಿಳಿದದ್ದು. ಅವನು ಅವರನ್ನು ದೂಧ್‌ಮಾ ಎಂದೇ ಕರೆಯುತ್ತಿದ್ದ, ಹಾಲಿನ ತಾಯಿ. ಹಬ್ಬಕ್ಕೆ ಮೊದಲ ಸಲಾಮು ಅವರಿಗೇ.

ಈ ನಂಟನ್ನು ನಮ್ಮ ಧರ್ಮ ಹಗುರವಾಗಿ ನೋಡುವುದಿಲ್ಲ. ಮಕ್ಕಾದ ಕುಲೀನರು ಹಸುಗೂಸುಗಳನ್ನು ಮರುಭೂಮಿಯ ಬುಡಕಟ್ಟುಗಳ ಹೆಂಗಸರಿಗೆ ಒಪ್ಪಿಸುತ್ತಿದ್ದ ಕಾಲದಲ್ಲಿ, ತಂದೆಯಿಲ್ಲದ ಒಂದು ಕೂಸನ್ನು ಹಲೀಮಾ ಎಂಬ ಬಡ ಹೆಂಗಸು ಎತ್ತಿಕೊಂಡು ಹೋದಳು. ಆ ಕೂಸೇ ನಮ್ಮ ಪೈಗಂಬರರು. ದೊಡ್ಡವರಾದ ಮೇಲೆ ಆಕೆ ನೋಡಲು ಬಂದರೆ ಅವರು ಎದ್ದು ತಮ್ಮ ಹೊದಿಕೆಯನ್ನು ನೆಲಕ್ಕೆ ಹಾಸಿ ಕೂರಿಸುತ್ತಿದ್ದರೆಂದು ಮದರಸಾದಲ್ಲಿ ಕಲಿಯದ ಮಗುವಿಲ್ಲ. ರಕ್ತದಿಂದ ಯಾರು ಯಾರು ನಿಷಿದ್ಧವೋ ಹಾಲಿನಿಂದಲೂ ಅವರೆಲ್ಲ ನಿಷಿದ್ಧ. ಒಬ್ಬಳ ಹಾಲು ಕುಡಿದ ಇಬ್ಬರು ಒಡಹುಟ್ಟಿದವರು. ಅವಳು ಹೆತ್ತ ಮಕ್ಕಳೆಲ್ಲ ಅವರಿಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು. ಅವರ ನಡುವೆ ಮದುವೆಯಿಲ್ಲ, ಪರದೆಯೂ ಬೇಕಿಲ್ಲ. ಎರಡು ವರ್ಷದೊಳಗಿನ ಕೂಸಿನ ಹೊಟ್ಟೆಗೆ ಒಂದು ಗುಟುಕು ಹೋದರೂ ಸಾಕು ಎನ್ನುತ್ತದೆ ನಮ್ಮ ಹನಫಿ ಶಾಸ್ತ್ರ.

ರಂಜಾನಿನ ಕೊನೆಯ ವಾರ. ಬಿಸಿಲಿಗೆ ಭದ್ರಾ ನದಿ ಕಲ್ಲು ಕಲ್ಲಾಗಿತ್ತು. ಕುಲುಮೆಯ ಮುಂದೆ ನಿಂತು ನೀರು ಬಾಯಿಗೆ ಹಾಕದೆ ಪಾಳಿ ಮುಗಿಸುವ ಗಂಡಸರು ಸಂಜೆ ಮಸೀದಿಯ ಕೊಳದಲ್ಲಿ ಕಾಲು ಇಳಿಬಿಟ್ಟು ಮಾತಿಲ್ಲದೆ ಕೂತಿರುತ್ತಿದ್ದರು. ಆವತ್ತು ಬೀಗರನ್ನು ನಮ್ಮ ಮನೆಗೆ ಇಫ್ತಾರಿಗೆ ಕರೆದಿದ್ದೆವು. ನಡುಮನೆಗೆ ಅಡ್ಡಲಾಗಿ ಸೀರೆ ಕಟ್ಟಿ ಆ ಕಡೆ ಅಬ್ಬಾ, ಅನ್ವರ್, ಅವನ ಅಣ್ಣ. ಈ ಕಡೆ ನಾವು, ಅನ್ವರನ ಅತ್ತಿಗೆ ಮತ್ತು ಶಿವಮೊಗ್ಗದಿಂದ ರೈಲಿನಲ್ಲಿ ಬಂದಿದ್ದ ಫುಪ್ಪು. ಮನೆಗೆಲ್ಲ ಲೋಬಾನ ಹಾಕಿಸಿದ್ದರು ಅಮ್ಮೀ. ಗಂಜಿ, ಕಾಮಕಸ್ತೂರಿಯ ಶರಬತ್ತು, ಖರ್ಜೂರ. ಖರ್ಜೂರ ಫುಪ್ಪುವೇ ತಂದದ್ದು, ಅಂಗಡಿಯ ಒಳ್ಳೆಯ ಜಾತಿಯದು. ಎಲ್ಲರ ಕೈಯಲ್ಲೂ ಒಂದೊಂದು ಖರ್ಜೂರ. ಮಸೀದಿಯ ಬಾಂಗು ಕೇಳಿಸುವುದೊಂದೇ ಬಾಕಿ. ದಿನವಿಡೀ ಹಸಿದವರು ಬಹಳ ಮೃದುವಾಗಿರುವ ಹೊತ್ತು ಅದು.

"ಒಂದು ಮಾತು ಹೇಳಬೇಕು" ಎಂದರು ಫುಪ್ಪು. ಪರದೆಯ ಆ ಕಡೆಗೂ ಕೇಳುವ ಹಾಗೆ ಹೇಳಿದರು. "ಈಗ ನನ್ನ ಬಾಯಲ್ಲಿ ರೋಜಾ ಇದೆ. ಬಾಂಗಾದ ಮೇಲೆ ಹೇಳಿದ್ರೆ ಹೊಟ್ಟೆ ತುಂಬಿದೋಳ ಮಾತು ಅಂತೀರಿ."

"ಏನಕ್ಕಾ?" ಎಂದರು ಅಬ್ಬಾ.

"ಈ ನಿಕಾಹ್ ಆಗೋ ಹಾಗಿಲ್ಲ. ಅನ್ವರ್ ನನ್ನ ಹಾಲು ಕುಡಿದೋನು. ಮೆಹರೂನೂ ಕುಡಿದಿದಾಳೆ. ಅಣ್ಣ ತಂಗಿಗೆ ನಿಕಾಹ್ ಮಾಡಿಸಿದ ಪಾಪ ನನ್ನ ಕುತ್ತಿಗೆಗೆ ಬೇಡ."

ಆಗಲೇ ಬಾಂಗು ಕೂಗಿತು. ಯಾರ ಕೈಯೂ ಬಾಯಿಗೆ ಹೋಗಲಿಲ್ಲ. ಫುಪ್ಪು ಮಾತ್ರ ಪ್ರಾರ್ಥನೆ ಹೇಳಿಕೊಂಡು ಖರ್ಜೂರ ಬಾಯಿಗಿಟ್ಟುಕೊಂಡರು. ಬೀಜವನ್ನು ತಟ್ಟೆಯ ಅಂಚಿಗೆ ಇಟ್ಟು, "ತಿನ್ನಿ, ರೋಜಾ ಬಿಡೋದನ್ನ ತಡ ಮಾಡಬಾರದು" ಎಂದರು. ಅದೂ ಶಾಸ್ತ್ರವೇ.

ಆಪಾ ಹುಟ್ಟಿದ್ದು ಶಿವಮೊಗ್ಗದಲ್ಲಿ, ಫುಪ್ಪುವಿನ ಮನೆಯಲ್ಲಿ. ಅಮ್ಮೀಗೆ ತವರಿರಲಿಲ್ಲ. ಸತ್ತಾರ್, ಅನ್ವರ್ ಇಬ್ಬರೂ ಆಗಿನ್ನೂ ಫುಪ್ಪುವಿನ ಹಾಲು ಬಿಟ್ಟಿರಲಿಲ್ಲ. ಹೆತ್ತ ಮೇಲೆ ಅಮ್ಮೀಗೆ ಜ್ವರ ಏರಿ ಮೈಮೇಲೆ ಎಚ್ಚರ ತಪ್ಪಿತ್ತು. ನಾನು ಅಮ್ಮೀಯನ್ನು ಅಡುಗೆಮನೆಗೆ ಕರೆದು ಕೇಳಿದೆ.

"ಹೇಳು ಅಮ್ಮೀ. ಆಪಾಗೆ ಆಗ ಏನು ಕುಡಿಸಿದ್ರು?"

"ಮೇಕೆ ಹಾಲು ಅಂತ ಹೇಳಿದ್ರು."

"ಯಾರು?"

"ಅವರೇ. ನಿಮ್ಮ ಫುಪ್ಪು."

"ನೀನು ನೋಡಿದ್ಯಾ?"

"ನಾನೇನು ನೋಡ್ಲಿ ರಜಿಯಾ. ಮಗು ಅಳೋದು ಕೇಳಿಸ್ತಿತ್ತು. ಆಮೇಲೆ ಕೇಳಿಸ್ತಿರಲಿಲ್ಲ."

ತಮ್ಮ ಮಗಳ ಬಾಯಿಗೆ ಏನು ಹೋಗಿತ್ತೆಂದು ಹೇಳಲಾಗದ ತಾಯಿಯನ್ನು ನಾನು ಅವತ್ತು ಕಂಡೆ. ಆ ಮನೆಯಲ್ಲಿ ಆಗ ಇದ್ದ ಬೇರೆಯವರೆಲ್ಲ ಸತ್ತಿದ್ದರು. ಫುಪ್ಪು ಆ ಲೆಕ್ಕವನ್ನೂ ಹಾಕಿಯೇ ಬಂದಿದ್ದರು.

ಮಾರನೆಯ ದಿನ ಅನ್ವರನ ಮನೆಯವರ ಜೊತೆ ಇಮಾಮ್ ಸಾಹೇಬರನ್ನೂ ಮನೆಗೆ ಕರೆಸಿದರು. ಚನ್ನಗಿರಿ ಕಡೆಯ ಮುದುಕರು, ಮೆತ್ತಗೆ ಮಾತಾಡುವವರು. ಪರದೆಯ ಆ ಕಡೆ ಕೂತು ಎಲ್ಲವನ್ನೂ ಕೇಳಿದರು.

"ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಇಬ್ಬರು ಗಂಡಸರು ಸಾಕ್ಷಿ ಹೇಳಬೇಕು. ಇಲ್ಲವೇ ಒಬ್ಬ ಗಂಡಸು, ಇಬ್ಬರು ಹೆಂಗಸರು. ಒಬ್ಬಳ ಮಾತಿಗೆ ನಿಕಾಹ್ ನಿಲ್ಲಬೇಕಾಗಿಲ್ಲ" ಎಂದರು.

ಅಮ್ಮೀ ನನ್ನ ಕೈ ಹಿಡಿದುಕೊಂಡರು.

"ಆದರೆ" ಎಂದರು ಇಮಾಮರು, "ಪೈಗಂಬರರ ಕಾಲದಲ್ಲೂ ಹೀಗೆ ಆಗಿತ್ತು. ಒಬ್ಬರಿಗೆ ಮದುವೆಯಾಗಿತ್ತು. ಒಬ್ಬ ದಾಸಿ ಬಂದು, ನಿಮ್ಮಿಬ್ಬರಿಗೂ ಹಾಲು ಕೊಟ್ಟಿದ್ದೇನೆ ಅಂದಳು. ಅವರು ಸವಾರಿ ಮಾಡಿಕೊಂಡು ಹೋಗಿ ಪೈಗಂಬರರನ್ನು ಕೇಳಿದರು. ಅವಳು ಸುಳ್ಳು ಹೇಳ್ತಾಳೆ ಅಂತಲೂ ಅಂದರು. ಹಾಗೊಂದು ಮಾತು ಬಂದ ಮೇಲೆ ಇನ್ನು ಹೇಗೆ, ಅಂದರಂತೆ ಅವರು. ಅದು ಹುಕುಮೋ ಎಚ್ಚರಿಕೆಯೋ ಅಂತ ದೊಡ್ಡವರಲ್ಲಿ ಎರಡು ಮಾತಿದೆ. ನಾನು ತಡೆಯೋದಿಲ್ಲ. ಮಾಡಿ ಅಂತಲೂ ಹೇಳೋದಿಲ್ಲ. ಎರಡೂ ಮನೆಯವರು ಕೂತು ಯೋಚನೆ ಮಾಡಿ."

ಬಿ.ಎ.ಯಲ್ಲಿ ತರ್ಕಶಾಸ್ತ್ರ ನನ್ನ ವಿಷಯವಾಗಿತ್ತು. ರಾತ್ರಿಯೆಲ್ಲ ಅದನ್ನೇ ತಿರುವಿ ಹಾಕಿದ್ದೆ. ಗಂಡಸರಿರುವ ಸಭೆಯಲ್ಲಿ ನಮ್ಮ ಮನೆಯ ಹೆಣ್ಣು ದನಿಯೆತ್ತುವುದು ಆವರೆಗೆ ಇರಲಿಲ್ಲ.

"ನಾನೊಂದು ಕೇಳಬಹುದಾ?" ಎಂದೆ.

"ಕೇಳಮ್ಮ" ಎಂದರು ಇಮಾಮರು.

"ಹಾಲು ಕೊಟ್ಟೋರ ಸ್ವಂತ ಮಕ್ಕಳೂ ಆ ಮಗುವಿಗೆ ಅಣ್ಣತಮ್ಮಂದಿರು ಆಗ್ತಾರೆ ಅಲ್ವಾ?"

"ಆಗ್ತಾರೆ."

"ಹಾಗಿದ್ರೆ ಫುಪ್ಪುವಿಗೆ ನನ್ನ ಪ್ರಶ್ನೆ. ಎರಡು ವರ್ಷದ ಹಿಂದೆ ನೀವು ಸತ್ತಾರ್ ಭಾಯಿಗೆ ಆಪಾನ ಕೇಳೋಕೆ ಬಂದಿದ್ರಿ. ಅವಳು ನಿಮ್ಮ ಹಾಲು ಕುಡಿದಿದ್ರೆ ಅವರು ಅವಳ ಅಣ್ಣ. ತಂಗೀನ ಅಣ್ಣನಿಗೆ ಹೇಗೆ ಕೇಳಿದ್ರಿ?"

ಪರದೆಯ ಆ ಕಡೆ ಯಾರೋ ಗಂಟಲು ಸರಿಮಾಡಿಕೊಂಡರು. ಇಂಥ ಪ್ರಶ್ನೆಗೆ ಉತ್ತರವಿಲ್ಲ ಎಂದು ನನಗೆ ಖಾತ್ರಿಯಿತ್ತು. ಫುಪ್ಪು ನನ್ನತ್ತ ತಿರುಗಿದರು. ಅವರಿಗೆ ಕೋಪವೇ ಬಂದಿರಲಿಲ್ಲ. ಹೊಲಿಗೆ ತಪ್ಪಿಸಿದ ಹುಡುಗಿಯನ್ನು ನೋಡುವ ಹಾಗೆ ನೋಡಿದರು.

"ಆಗ ನೆನಪಿರಲಿಲ್ಲ. ಈಗ ರೋಜಾದಲ್ಲಿ ಅಲ್ಲಾ ನೆನಪು ಮಾಡಿಕೊಟ್ಟ. ಆಗ ಆಗಿಬಿಟ್ಟಿದ್ರೆ ಎಂಥ ಪಾಪ ಆಗ್ತಿತ್ತು ನೋಡು. ನಿಮ್ಮಮ್ಮ ಬೇಡ ಅಂದಿದ್ದು ಒಳ್ಳೇದೇ ಆಯ್ತು." ಎಲೆಯ ಮೇಲೆ ಸುಣ್ಣ ಸವರುತ್ತ ಹೇಳಿದರು. "ಮೈಸೂರಲ್ಲಿ ಓದಿ ಬಂದೋಳು ಎದೆ ಹಾಲಿಗೆ ಪುರಾವೆ ಕೇಳ್ತಿದಾಳೆ. ಕೇಳ್ಲಿ. ತಮ್ಮಾ, ನೀನು ಹೇಳಪ್ಪ. ನಾನು ಸುಳ್ಳುಗಾತಿನಾ?"

ಆ ಮನೆಯಲ್ಲಿ ಆ ಪ್ರಶ್ನೆ ಒಬ್ಬರಿಗೆ ಮಾತ್ರ ಇತ್ತು. ಅಬ್ಬಾ 'ಇಲ್ಲ' ಎಂದರೆ ಮಗಳ ಮದುವೆ ಹೋಯಿತು. 'ಹೌದು' ಎಂದರೆ ಉಪವಾಸದ ಬಾಯಲ್ಲಿ ಸುಳ್ಳಾಡಿದವಳು ಎಂದು ತಮ್ಮನ್ನು ಸೊಂಟದ ಮೇಲೆ ಹೊತ್ತವಳನ್ನು ನಾಲ್ಕು ಜನರೆದುರು ಅಂದ ಹಾಗೆ.

"ಅಕ್ಕ ಸುಳ್ಳು ಹೇಳೋರಲ್ಲ" ಎಂದರು ಕೊನೆಗೆ.

ನಮ್ಮ ಧರ್ಮ ಶುರುವಾಗುವುದೇ ಸಾಕ್ಷಿ ಹೇಳುವುದರಿಂದ. ದೇವರೊಬ್ಬನೇ, ಮಹಮ್ಮದರು ಅವನ ದೂತರು ಎಂದು ಸಾಕ್ಷಿ ನುಡಿಯುತ್ತೇನೆ ಎನ್ನುವುದು ಮೊದಲ ಕಂಬ. ನಮಾಜು, ಉಪವಾಸ, ಜಕಾತು, ಹಜ್ಜು ಎಲ್ಲ ಆಮೇಲಿನವು. ಹುಟ್ಟಿದ ಮಗುವಿನ ಕಿವಿಯಲ್ಲಿ ಅದನ್ನೇ ಹೇಳುತ್ತಾರೆ. ಆಪಾಳ ಕಿವಿಯಲ್ಲಿ ಆ ಮಾತು ಹೇಳಿದ ಗಂಡಸು ಅಬ್ಬಾನೇ.

ಪರದೆಯ ಈ ಕಡೆ ಆಪಾ ಗೋಡೆಗೊರಗಿ ಕೂತಿದ್ದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

ಅನ್ವರ್ ಆ ಸಭೆಯಲ್ಲಿ ಬಾಯಿ ಬಿಡಲಿಲ್ಲ. ಎರಡು ದಿನ ಕಳೆದು, ಶಾಲೆ ಬಿಟ್ಟು ಬರುವಾಗ ಹೊಳೆಯ ಸೇತುವೆಯ ಹತ್ತಿರ ನನಗಾಗಿ ಕಾದಿದ್ದ. ಸೈಕಲ್ಲನ್ನು ನಮ್ಮ ನಡುವೆ ಹಿಡಿದುಕೊಂಡು ನಿಂತ. ಮುಖದ ಮೇಲೆ ಅಚ್ಚಿನ ಕಪ್ಪು ಮಣ್ಣು ಇನ್ನೂ ಇತ್ತು.

"ಅಣ್ಣ ಬೇಡ ಅಂತಿದಾನೆ" ಎಂದ.

"ನೀವು?"

"ದೂಧ್‌ಮಾ ಹೇಳಿದ ಮೇಲೆ ನಾನೇನು ಹೇಳ್ಲಿ."

"ಅನ್ವರ್ ಭಾಯಿ, ಅವರು ಹೇಳಿದ್ದು ಸುಳ್ಳು ಅಂತ ನಿಮಗೆ ಗೊತ್ತಿಲ್ವಾ?"

ಅವನು ಕೆಳಗೆ ಬಟ್ಟೆ ಒಗೆಯುತ್ತಿದ್ದವರನ್ನು ನೋಡಿದ. "ಗೊತ್ತು."

"ಗೊತ್ತಿದ್ದೂ?"

"ಅವರ ಹಾಲು ಕುಡಿದು ಬದುಕಿದೋನು ನಾನು. ಅವರನ್ನ ಸುಳ್ಳುಗಾತಿ ಅನ್ನೋ ಬಾಯಿ ನನಗಿಲ್ಲ. ಮತ್ತೆ…" ಎಂದು ನಿಲ್ಲಿಸಿದ. "ಸುಳ್ಳಲ್ಲದೇ ಇದ್ರೆ? ಒಂದು ಪಕ್ಷ. ನಾಳೆ ಮಕ್ಕಳಾದ ಮೇಲೆ, ಅವುಗಳ ಮುಖ ನೋಡಿದಾಗೆಲ್ಲ ಅದೇ ನೆನಪಾದ್ರೆ?"

"ಇಮಾಮರು ತಡೆದಿಲ್ಲವಲ್ಲ."

"ಮಾಡಿ ಅಂತಲೂ ಹೇಳಿಲ್ಲ."

ಅವನು ಜೇಬಿನಿಂದ ಚಿಕ್ಕ ಕಾಗದದ ಪೊಟ್ಟಣ ತೆಗೆದು, "ಇದನ್ನ ಅವಳಿಗೆ…" ಎಂದ. ಗಾಜಿನ ಬಳೆಗಳಿರಬೇಕು, ಸದ್ದಾಯಿತು.

"ಯಾವ ಲೆಕ್ಕದಲ್ಲಿ ಕೊಡ್ಲಿ? ಅಣ್ಣ ಕೊಟ್ಟಿದ್ದು ಅಂತಲಾ?"

ಅವನು ಪೊಟ್ಟಣವನ್ನು ಮತ್ತೆ ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿದ. ಆ ದಿನದಿಂದ ಜನ್ನಾಪುರಕ್ಕೆ ಹತ್ತಿರದ ದಾರಿಯಲ್ಲೇ ಹೋದ. ಸೈರನ್ ಕೂಗಿದರೂ ಆಪಾಳ ಮಿಷನ್ ನಿಲ್ಲುವುದು ಬಿಟ್ಟಿತು.

ಗೌರಮ್ಮನಿಗೆ ವಿಷಯ ತಿಳಿದು ಗೋಡೆಯಾಚೆಯಿಂದ ಬೈದರು. "ಹಾಲು ಕುಡಿಸಿದೋರೆಲ್ಲ ಸಂಬಂಧ ಆಗೋ ಹಾಗಿದ್ರೆ ನಮ್ಮೂರಲ್ಲಿ ಒಂದು ಮದ್ವೇನೂ ಆಗ್ತಿರ್ಲಿಲ್ಲ. ನನ್ನ ತಂಗಿ ಮಗೂಗೆ ನಾನೇ ಕುಡಿಸಿದೀನಿ, ಅವನಿಗೇ ಮಗಳನ್ನ ಕೊಡ್ತೀನಿ ಅಂತ ಕೂತಿದೀನಿ. ಆ ಮುದುಕಿಗೆ ಏನು ಬಂತು ಇದ್ರಿಂದ?"

ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ. ಆ ಮಾತಾಡಿ ಫುಪ್ಪು ತಮ್ಮ ಬಾಗಿಲನ್ನೂ ಮುಚ್ಚಿಕೊಂಡಿದ್ದರು. ಇನ್ನು ಸತ್ತಾರ್ ಭಾಯಿಗೂ ಆಪಾಳನ್ನು ತರುವಂತಿರಲಿಲ್ಲ. ಬರೀ ಹಟ ಎಂದುಕೊಂಡೆ. ನನ್ನ ತರ್ಕ ಅಷ್ಟಕ್ಕೇ ನಿಂತಿತ್ತು.

ಹಬ್ಬದ ಆಸುಪಾಸಿನಲ್ಲೇ ಬಸವ ಜಯಂತಿ. ಆಗ ಲಗ್ನಗಳ ಕಾಲ. ಬೀದಿಯಲ್ಲಿ ದಿನಕ್ಕೊಂದು ಬ್ಯಾಂಡು ಹೋಗುತ್ತಿತ್ತು. ನಮ್ಮ ಮನೆಗೆ ಯಾರೂ ಬರುತ್ತಿರಲಿಲ್ಲ. ಮಸೀದಿಯ ಬೀದಿಯ ಹೆಂಗಸರು ನಲ್ಲಿಯ ಹತ್ತಿರ ಆಪಾಳನ್ನು ಕಂಡರೆ ಕೊಡ ಸರಿಸಿ ದಾರಿ ಬಿಡುತ್ತಿದ್ದರು. ಅಣ್ಣನಿಗೇ ನಿಶ್ಚಯವಾಗಿದ್ದವಳು ಎಂದು ಒಬ್ಬಳು ನನಗೆ ಕೇಳುವಂತೆಯೇ ಹೇಳಿದಳು. ಬೇರೆ ಸಂಬಂಧ ನೋಡಿ ಎಂದು ಅಬ್ಬಾ ಇಬ್ಬರಿಗೆ ಹೇಳಿದ್ದರು. ಇಬ್ಬರೂ ಮರಳಿ ಬರಲಿಲ್ಲ.

ಒಂದು ಮಧ್ಯಾಹ್ನ ಆಪಾ ನನ್ನನ್ನು ಕೇಳಿದಳು. "ರಜಿಯಾ, ಹಾಲಿನ ರುಚಿ ನೆನಪಿರತ್ತಾ?"

"ಆ ವಯಸ್ಸಿಂದು ಯಾರಿಗೂ ಇರಲ್ಲ."

"ನೀನು ಓದಿದೋಳು. ಗೊತ್ತಿರತ್ತೇನೋ ಅಂತ ಕೇಳ್ದೆ."

ಹಬ್ಬ ಕಳೆದು ಮಳೆ ಹಿಡಿಯುವ ಮೊದಲು ಫುಪ್ಪು ಬಂದರು. ಈ ಸಲ ಗಂಡುಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು, ಮೊಮ್ಮಗಳ ಕೈ ಹಿಡಿದುಕೊಂಡು ಬಂದಿದ್ದರು. ಅಬ್ಬಾ ಚಾಪೆ ತರಲು ಎದ್ದರು. ಫುಪ್ಪು ಅವರನ್ನು ತಡೆದು ಆಪಾಳ ಕಡೆ ನೋಡಿದರು.

"ಹಲೀಮಾ ಬೀಬಿಗೆ ಪೈಗಂಬರರು ಹೊದಿಕೆ ಹಾಸ್ತಿದ್ರು. ನನ್ನ ಮಗಳು ನನಗೆ ಏನು ಹಾಸ್ತಾಳೆ ನೋಡೋಣ."

ಆಪಾ ಹೆಗಲ ಮೇಲಿನ ದುಪಟ್ಟಾ ತೆಗೆದು ನೆಲಕ್ಕೆ ಹಾಸಿದಳು. ಫುಪ್ಪು ಅದರ ಮೇಲೆ ಕೂತರು.

"ಇಲ್ಲಿ ಇವಳು ಬೀದಿಯೋರ ಬಾಯಿಗೆ ಬಿದ್ದು ಯಾಕೆ ಇರಬೇಕು? ನಾನೂ ತಾಯಿನೇ. ನನ್ನ ಮನೆಗೆ ಬರ್ಲಿ. ಸತ್ತಾರ್ ಅಣ್ಣ ಆದ ಮೇಲೆ ಪರದೆ ಗಿರದೆ ಏನೂ ಬೇಡ, ಒಂದೇ ಸೂರಿನ ಕೆಳಗಿದ್ರೆ ಯಾರೂ ಒಂದು ಮಾತು ಆಡೋ ಹಾಗಿಲ್ಲ. ಮಕ್ಕಳಿಗೂ ಒಬ್ಬಳು ಫುಪ್ಪು ಆದಳು."

ಆಗ ನನಗೆ ಅರ್ಥವಾಯಿತು. ಸೊಸೆಯಾಗಿ ಸಿಗದವಳನ್ನು ಅವರು ಮಗಳಾಗಿ ಕೇಳುತ್ತಿದ್ದರು. ಸೊಸೆಗೆ ಮಹರ್ ಎಂಬ ವಧುಧನ ಕೊಡಬೇಕು, ಸೊಸೆಯ ತವರು ಬಂದು ಕೇಳಬಹುದು, ಸೊಸೆ ತನ್ನ ಹೊಟ್ಟೆಯಲ್ಲಿ ಮಕ್ಕಳನ್ನು ಹೆರಬಹುದು. ಮಗಳಿಗೆ ಇವು ಯಾವುವೂ ಇಲ್ಲ. ಅವಳದು ಸೇವೆ ಮಾತ್ರ. ಅದಕ್ಕೂ ತಾಯಿಯ ಪಾದದಡಿಯ ಸ್ವರ್ಗ ಎಂಬ ಹೆಸರು ಬೇರೆ ಇತ್ತು.

"ಅಕ್ಕಾ" ಎಂದರು ಅಮ್ಮೀ.

ಫುಪ್ಪು ಅಮ್ಮೀಯ ಕಡೆ ತಿರುಗಿ ನಕ್ಕರು. "ಆಯಾ ಅಲ್ಲ. ನನಗೂ ಗೊತ್ತು. ಮಗಳು."

ಆಪಾ ತಾನೇ ಟ್ರಂಕು ಕಟ್ಟಿದಳು. ಹೋಗಬೇಡ ಎಂದು ನಾನು ಹೇಳಿದೆ. ಮೈಸೂರಿನಲ್ಲಿ ಕೆಲಸ ಹುಡುಕುತ್ತೇನೆ, ನನ್ನ ಜೊತೆಗಿರು ಎಂದೆ.

"ಅಬ್ಬಾ ಅವರ ಮಾತು ನಿಜ ಅಂದಿದಾರೆ" ಎಂದಳು ಆಪಾ. "ನಾನು ಹೋಗದೇ ಇದ್ರೆ ಅಬ್ಬಾ ಸುಳ್ಳಾಗ್ತಾರೆ."

ಮದುವೆಗೆಂದು ಅವಳು ಹೊಲಿದಿಟ್ಟಿದ್ದ ಕೆಂಪು ಜರಿಯ ಉಡುಪನ್ನು ಟ್ರಂಕಿನ ತಳಕ್ಕೆ ಹಾಕಿಕೊಂಡಿದ್ದಳು. ಮುಂದಿನ ಹಬ್ಬಕ್ಕೆ ನಾನು ಶಿವಮೊಗ್ಗಕ್ಕೆ ಹೋದಾಗ ಸತ್ತಾರ್ ಭಾಯಿಯ ಮಗಳು ಕೆಂಪು ಜರಿಯ ಲಂಗ ತೊಟ್ಟುಕೊಂಡು ಅಂಗಳದಲ್ಲಿ ಕುಣಿಯುತ್ತಿದ್ದಳು. ಫುಪ್ಪುವೇ ಕತ್ತರಿಸಲು ಹೇಳಿದರಂತೆ. ಹೊಲಿದವಳು ಆಪಾ.

ಅನ್ವರ್ ಆ ಚಳಿಗಾಲದಲ್ಲೇ ಹರಿಹರದ ಹುಡುಗಿಯನ್ನು ಮದುವೆಯಾದ. ಹಾಲಿನ ತಂಗಿಯೆಂದು ಆಪಾಳನ್ನು ಕರೆದಿದ್ದ. ಅಣ್ಣನ ಮದುವೆಯಲ್ಲಿ ತಂಗಿ ಮಾಡಬೇಕಾದ ಶಾಸ್ತ್ರಗಳಿರುತ್ತವೆ. ಫುಪ್ಪು ಅವಳ ಕೈಯಿಂದಲೇ ಅವನ ಕೈಗೆ ಅರಿಶಿನ ಹಚ್ಚಿಸಿದರು. ನಾನು ಹೋಗಿರಲಿಲ್ಲ. ಅಮ್ಮೀ ಹೋಗಿ ಬಂದು ಎರಡು ದಿನ ಮಲಗಿದರು.

ನಾನು ಆಮೇಲೆ ಎಂ.ಎ. ಓದಿದೆ, ಕೆಲಸ ಹಿಡಿದೆ, ಊರು ಬಿಟ್ಟೆ. ಅಬ್ಬಾ ನಿವೃತ್ತರಾಗುವ ಮೊದಲೇ ತೀರಿಕೊಂಡರು.

ಕಳೆದ ತಿಂಗಳು ಕೊನೆಗೂ ಅಂಗಡಿಯ ಪಕ್ಕದ ಓಣಿಯಿಂದ ಒಳಗೆ ಹೋದೆ. ಲೋಬಾನದ ಹೊಗೆ ಅಲ್ಲಿಯವರೆಗೂ ಬಂದಿತ್ತು. ಫುಪ್ಪುವಿಗೆ ಒಂದು ಮಗ್ಗುಲು ಬಿದ್ದುಹೋಗಿ ಎಂಟೊಂಬತ್ತು ತಿಂಗಳಾಗಿದೆ. ಮಾತು ನಿಂತಿದೆ, ಕಿವಿ ಕೇಳುತ್ತದೆ, ತಲೆಯಾಡಿಸುತ್ತಾರೆ. ನಡುಮನೆಯ ಮಂಚದ ಮೇಲೆ ದಿಂಬಿಗೊರಗಿಸಿ ಕೂರಿಸಿದ್ದರು. ಶುಭ್ರವಾಗಿದ್ದರು, ತಲೆ ಬಾಚಿತ್ತು, ಉಗುರು ಕತ್ತರಿಸಿತ್ತು. ಅವರ ಸೇವೆಯಲ್ಲಿ ಯಾರೂ ಕೊರತೆ ಹೇಳುವ ಹಾಗಿಲ್ಲ.

ಸತ್ತಾರ್ ಭಾಯಿ ಅಂಗಡಿಯಿಂದ ಏನೋ ಕೇಳುತ್ತ ಒಳಗೆ ಬಂದರು. ನಾನು ಎದ್ದು ಮುಖಕ್ಕೆ ಸೆರಗೆಳೆದುಕೊಂಡೆ. ಅವರು ನನಗೆ ಪರಪುರುಷರು. ಆಪಾ ಬರಿ ತಲೆಯಲ್ಲಿ ಕೂತು ಹಾಲು ಆರಿಸುತ್ತಿದ್ದಳು. ನೆತ್ತಿಯಲ್ಲಿ ನರೆ ಬಂ​ದಿದೆ. "ಊಟಕ್ಕೆ ಏನು ಮಾಡಿದ್ದೀ ತಂಗಿ?" ಎಂದು ಕೇಳಿ ಅವರು ಹೊರಟುಹೋದರು.

ಆಪಾ ಮಂಚದ ಅಂಚಿಗೆ ಕೂತು ಚಮಚದಲ್ಲಿ ಹಾಲು ತೆಗೆದಳು. ಫುಪ್ಪು ಬಾಯಿ ತೆರೆದರು. ಆಪಾ ಚಮಚವನ್ನು ತುಟಿಯ ಹತ್ತಿರಕ್ಕೆ ತಂದು ಅಲ್ಲೇ ಹಿಡಿದಳು.

"ಕೊಟ್ಟಿದ್ರಾ ನನಗೆ?"

ಕೇಳಿದ ದನಿ ಮೆತ್ತಗಿತ್ತು, ಉಪ್ಪು ಸರಿಯಾಗಿದೆಯಾ ಎಂದು ಕೇಳಿದ ಹಾಗಿತ್ತು. ಫುಪ್ಪುವಿನ ಕಣ್ಣು ಚಮಚದ ಮೇಲಿತ್ತು. ನಿಧಾನವಾಗಿ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದರು. ಇಲ್ಲ.

ಏಳು ವರ್ಷದ ಹಿಂದೆ ಒಂದು ಸಭೆಯಲ್ಲಿ ನಾನು ಹೊರಡಿಸಲಾಗದ ಮಾತು ಅದು.

"ಆಪಾ, ಇಲ್ಲ ಅಂದ್ರು. ನೋಡಿದೆಯಾ? ಇಲ್ಲ ಅಂದ್ರು."

"ನೋಡ್ದೆ" ಎಂದಳು ಆಪಾ. ಹಾಲು ಕುಡಿಸಿ, ಗಲ್ಲಕ್ಕೆ ಇಳಿದದ್ದನ್ನು ಒರೆಸಿದಳು. "ದಿನಾ ಕೇಳ್ತೀನಿ. ನಿನ್ನೆ ಹೌದು ಅಂದಿದ್ರು."

ಇನ್ನೊಂದು ಚಮಚ ತುಂಬಿ ತುಟಿಯ ಹತ್ತಿರ ಹಿಡಿದಳು. ಮತ್ತೆ ಕೇಳಿದಳು. ಫುಪ್ಪು ಬಾಯಿ ತೆರೆದುಕೊಂಡೇ ಆಪಾಳ ಮುಖವನ್ನು ನೋಡಿದರು, ಯಾವ ಉತ್ತರಕ್ಕೆ ಚಮಚ ಬೇಗ ಬರುತ್ತದೆಂದು ಅಲ್ಲಿ ಹುಡುಕುವವರಂತೆ. ಆಮೇಲೆ ಹೌದೆಂದು ತಲೆಯಾಡಿಸಿದರು.